ಮರಗಟ್ಟಿದ ಬೆರಳು, ಮಾರಿಕಣಿವೆಯ ಕೋಡಿ

ಕ್ಯಾನ್ಸರ್ ಬಂದಾಗ ಏನು ತಿನ್ನಬೇಕು, ಯಾವ ದೇವರಿಗೆ ಹರಕೆ ಹೊರಬೇಕು, ಯಾವ ಊರಲ್ಲಿ ನಾಟಿ ಔಷಧಿ ಕೊಡುತ್ತಾರೆ ಎಂದು ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಚಿಕಿತ್ಸೆ ಮುಗಿಸಿ, ಡಾಕ್ಟರು ‘ಇನ್ನು ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸಿದ ಮೇಲೆ, ಅರ್ಧಕ್ಕೆ ನಿಂತ ಕೆಲಸಕ್ಕೆ ವಾಪಸು ಕೂರುವುದು ಹೇಗೆ ಎಂದು ಹೇಳುವವರು ಮಾತ್ರ ಸಿಗಲಿಲ್ಲ. ಹಾಗೆ ವಾಪಸು ಬಂದವರಲ್ಲಿ ಕೆಲವರು ಈಗ ನನ್ನನ್ನು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಬರವಣಿಗೆ. ಕಥೆ, ಕಾದಂಬರಿ ನನಗೆ ಒಲಿಯಲಿಲ್ಲ. ನಾನು ಬರೆಯುವುದು ಕೆರೆಗಳ ಬಗ್ಗೆ, ಅವನ್ನು ಕಟ್ಟಿದವರು ಮತ್ತು ಕಾಯ್ದವರ ಬಗ್ಗೆ. ಕಾಯಿಲೆ ಬೀಳುವ ಹೊತ್ತಿಗೆ ಕೈಯಲ್ಲಿದ್ದದ್ದು ವೇದಾವತಿ ನದಿಯ ಜಾಡಿನ ಪುಸ್ತಕ. ಬಾಬಾಬುಡನ್ ಗಿರಿಗಳ ಕಡೆಯಿಂದ ಇಳಿಯುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ದಾರಿಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ ಇದೆ, ಮದಗದ ಕೆರೆ ಇದೆ. ಕೆಳಗೆ ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಅದೇ ನದಿಗೆ ಅಡ್ಡ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಇನ್ನೂ ಕೆಳಗೆ ಬಳ್ಳಾರಿ ಕಡೆ ಅದಕ್ಕೆ ಹಗರಿ ಎಂದು ಹೆಸರು. ಕೊನೆಗೆ ತುಂಗಭದ್ರೆಗೆ ಸೇರುತ್ತದೆ. ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. ಅಷ್ಟು ದೊಡ್ಡ ಅಣೆಕಟ್ಟು, ಮೂವತ್ತು ಟಿಎಂಸಿ ನೀರು ಹಿಡಿಯುವಂಥದ್ದು, ನಾನು ಕಾಯಿಲೆ ಬೀಳುವವರೆಗೆ ತುಂಬಿ ಕೋಡಿ ಬಿದ್ದದ್ದು ಮಾತ್ರ 1933ರಲ್ಲಿ ಒಂದೇ ಸಲ. ಆಮೇಲೆ ಎರಡು ತಲೆಮಾರು ಕೋಡಿ ಹರಿಯುವುದನ್ನು ನೋಡದೆಯೇ ಬದುಕಿ ಹೋಯಿತು.

1933ರ ಕೋಡಿಯನ್ನು ಕಣ್ಣಾರೆ ಕಂಡವರೊಬ್ಬರು ಬದುಕಿದ್ದಾರೆ ಎಂದು ತಿಳಿದಾಗ ನನಗೆ ನಿಧಿ ಸಿಕ್ಕಷ್ಟು ಸಂತೋಷವಾಗಿತ್ತು. ತೊಂಬತ್ತು ದಾಟಿದ ಅಜ್ಜ. ಮೊದಲ ಸಲ ಕೂತಾಗ ಒಂದು ಗಂಟೆಯ ಮಾತು ಫೋನಿನಲ್ಲಿ ದಾಖಲಾಯಿತು. ಅಪ್ಪನ ಜೊತೆ ಗಾಡಿಯಲ್ಲಿ ಹೋದದ್ದು, ನೀರಿಗೆ ಹೆದರಿ ಎತ್ತುಗಳು ಮುಂದಕ್ಕೆ ಹೆಜ್ಜೆ ಇಡದೆ ನಿಂತದ್ದು, ಹೆಂಗಸರು ಮಡಿಲಕ್ಕಿ ಕಟ್ಟಿಕೊಂಡು ಬಂದದ್ದು. ಇನ್ನೊಂದು ಸಲ ಕೂರಲು ದಿನ ಗೊತ್ತಾಗಿತ್ತು. ಆ ವಾರವೇ ನನ್ನ ಬಯಾಪ್ಸಿ ವರದಿ ಬಂತು.

2021ರ ದೀಪಾವಳಿಯ ಸುಮಾರಿಗೆ ಕುತ್ತಿಗೆಯ ಎಡಗಡೆ ಗಂಟು ಕಾಣಿಸಿತ್ತು. ನೋವಿಲ್ಲ. ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತೂಕ ಇಳಿಯುತ್ತಿತ್ತು. ನಮ್ಮಲ್ಲಿ ಕುತ್ತಿಗೆಯ ಗಂಟೆಂದರೆ ಮೊದಲು ಬರುವ ಅನುಮಾನ ಕ್ಷಯ, ಹಾಗಾಗಿ ಆ ಪರೀಕ್ಷೆಯೂ ಆಯಿತು. ಗಂಟನ್ನು ಪೂರ್ತಿ ತೆಗೆದು ಪರೀಕ್ಷಿಸಿದಾಗ ಬಂದ ಹೆಸರು ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’. ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್. ಬೇಗ ಬೆಳೆಯುತ್ತದೆ, ಹಾಗೆಯೇ ಔಷಧಿಗೆ ಮಣಿಯುವುದೂ ಹೆಚ್ಚು. ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಆರು ಜನ ಪೂರ್ತಿ ಗುಣವಾಗುತ್ತಾರೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದರು. ಆರು ಎಂಬ ಅಂಕಿಯನ್ನು ಹಿಡಿದುಕೊಂಡು ಮನೆಗೆ ಬಂದೆ. ನನ್ನ ಯಜಮಾನರು ಸರ್ಕಾರಿ ಶಾಲೆಯ ಮೇಷ್ಟ್ರು. ಸರ್ಕಾರಿ ನೌಕರರ ಕುಟುಂಬಗಳಿಗೆ ಆಗ ಇದ್ದ ಜ್ಯೋತಿ ಸಂಜೀವಿನಿ ಯೋಜನೆಯಿಂದಾಗಿ ಹೊಲ ಮಾರುವ ಮಾತು ಬರಲಿಲ್ಲ. ಬರವಣಿಗೆಯ ದುಡ್ಡಿನಲ್ಲೇ ಬದುಕಬೇಕಾದ ಒಂಟಿ ಲೇಖಕಿಯಾಗಿದ್ದರೆ ಈ ಲೇಖನದ ದಾರಿಯೇ ಬೇರೆಯಾಗಿರುತ್ತಿತ್ತು.

ಚಿಕಿತ್ಸೆಗೆ ‘ಆರ್-ಚಾಪ್’ ಎಂದು ಹೆಸರು. ಐದು ಔಷಧಿಗಳ ಜೋಡಣೆ, ಇಪ್ಪತ್ತೊಂದು ದಿನಕ್ಕೊಂದು ಸುತ್ತು. ಯಾವುದನ್ನೂ ಮೂಲ ವಿಚಾರಿಸದೆ ಬಿಡದ ಅಭ್ಯಾಸ ನನ್ನದು. ಹಾಸಿಗೆಯಲ್ಲಿ ಕೂತೇ ಒಂದೊಂದರ ಹಿನ್ನೆಲೆ ಓದಿದೆ. ‘ಆರ್’ ಅಂದರೆ ರಿಟುಕ್ಸಿಮ್ಯಾಬ್, ಕೆಟ್ಟ ಕಣಗಳ ಮೈಮೇಲಿನ ಒಂದು ಗುರುತನ್ನು ಹುಡುಕಿ ಹಿಡಿಯುವ ಔಷಧಿ. 2007ರಲ್ಲಿ ಇದರ ಭಾರತೀಯ ರೂಪ ಮಾರುಕಟ್ಟೆಗೆ ಬಂದದ್ದರಿಂದಲೇ ನಮ್ಮಂಥವರ ಕೈಗೆ ಎಟುಕಿತು. ಕೆಂಪು ಬಣ್ಣದ ಡಾಕ್ಸೋರುಬಿಸಿನ್‌ನ ಮೂಲ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ. ಅದು ಹೃದಯಕ್ಕೆ ಭಾರವಾಗುವುದರಿಂದ ಜೀವಮಾನಕ್ಕೆ ಇಷ್ಟೇ ಎಂಬ ಮಿತಿ ಇದೆ. ಶುರುವಿಗೆ ಮುಂಚೆ ಎಕೋ ಮಾಡಿಸಿದ್ದು ಅದಕ್ಕೇ. ವಿನ್‌ಕ್ರಿಸ್ಟೀನ್ ಬರುವುದು ನಿತ್ಯಪುಷ್ಪದ ಗಿಡದಿಂದ. ನಮ್ಮ ಕೆರೆ ಏರಿಗಳ ಮೇಲೆ, ಮಾರಮ್ಮನ ಗುಡಿಗಳ ಹಿಂದೆ ಯಾರೂ ನೀರು ಹಾಕದೆ ಬೆಳೆಯುವ ಅದೇ ಗುಲಾಬಿ ಬಣ್ಣದ ಹೂವು. ಇದನ್ನು ಓದಿದ ದಿನ ಮಗಳನ್ನು ಕೂಗಿ ಹೇಳಿದೆ. ಅವಳು ‘ಅಮ್ಮ, ಈಗಲೂ ಟಿಪ್ಪಣಿ ಮಾಡ್ಕೋತಿದೀಯಾ?’ ಎಂದು ಅತ್ತಳು.

ಸುತ್ತುಗಳ ವಿವರ ಹೆಚ್ಚು ಬೇಡ. ಮೊದಲ ರಿಟುಕ್ಸಿಮ್ಯಾಬ್ ಇಳಿಯುವಾಗ ಮೈಯೆಲ್ಲ ನಡುಗಿತು, ಆಮೇಲಿನವು ಹಾಗಿರಲಿಲ್ಲ. ಹತ್ತನೇ ದಿನದ ಆಚೀಚೆ ಬಿಳಿ ಕಣಗಳು ನೆಲ ಕಚ್ಚುತ್ತಿದ್ದವು. 2022ರ ಜನವರಿಯಲ್ಲಿ ಕೊರೋನಾದ ಮೂರನೇ ಅಲೆ. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುತ್ತಿರುವಾಗ ಲಸಿಕೆ ಹಾಕಿಸಿದರೂ ಮೈ ಸರಿಯಾಗಿ ಎದುರು ಶಕ್ತಿ ಕಟ್ಟುವುದಿಲ್ಲ, ಹಾಗಾಗಿ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಕೂತೆವು. ಪ್ರತಿ ಸುತ್ತಿನ ಮೊದಲ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆ ದೊಡ್ಡ ಪ್ರಮಾಣದಲ್ಲಿ. ಅದು ನಿದ್ದೆ ಕಿತ್ತುಕೊಂಡು ಹುರುಪು ಕೊಡುತ್ತಿತ್ತು. ಆ ರಾತ್ರಿಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ಅಜ್ಜನ ಮಾತನ್ನು ಅಕ್ಷರಕ್ಕೆ ಇಳಿಸಿದೆ. ಒಂದೊಂದು ವಾಕ್ಯವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿ. ಮೂರನೇ ಸುತ್ತಿನ ಹೊತ್ತಿಗೆ ಅವರು ತೀರಿಕೊಂಡರೆಂದು ಸುದ್ದಿ ಬಂತು. ಇನ್ನೊಂದು ಸಲ ಕೂತಾಗ ಕೇಳಬೇಕೆಂದು ಬರೆದಿಟ್ಟಿದ್ದ ಪ್ರಶ್ನೆಗಳ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ.

ಬೇಸಿಗೆಯಲ್ಲಿ ಪೆಟ್ ಸ್ಕ್ಯಾನ್ ಆಯಿತು. ಎಲ್ಲೂ ಏನೂ ಉಳಿದಿಲ್ಲ ಎಂದು ವರದಿ. ಮನೆಯಲ್ಲಿ ಹೋಳಿಗೆ ಮಾಡಿದರು. ಮಾರನೆಯ ವಾರ ಮೇಜಿನ ಮುಂದೆ ಕೂತೆ. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ.

ಮೊದಲನೆಯದು ಬೆರಳು. ನಿತ್ಯಪುಷ್ಪದ ಔಷಧಿ ಕ್ಯಾನ್ಸರ್ ಕಣ ಒಡೆದು ಎರಡಾಗುವುದನ್ನು ತಡೆಯುತ್ತದೆ. ಅದೇ ಕೆಲಸದಲ್ಲಿ ನರಗಳ ತುದಿಗಳನ್ನೂ ಸುಡುತ್ತದೆ. ರವಿಕೆಯ ಹುಕ್ಕು ಹಾಕಲು ಮಗಳು ಬೇಕಾದಳು. ಪೆನ್ನು ಹಿಡಿದರೆ ಎಷ್ಟು ಒತ್ತುತ್ತಿದ್ದೇನೆಂದು ತಿಳಿಯದೆ ಹಾಳೆ ಹರಿಯುತ್ತಿತ್ತು. ಬರೆಯುವುದಕ್ಕೆ ಫೋನಿನ ಧ್ವನಿ ಟೈಪಿಂಗ್ ಇತ್ತು. ತೂಬು, ಏರಿ, ಅಚ್ಚುಕಟ್ಟು, ನೀರುಗಂಟಿ ಎಂಬ ಮಾತುಗಳನ್ನು ಅದು ಏನೇನೋ ಮಾಡುತ್ತಿತ್ತಾದರೂ ತಿದ್ದಿಕೊಳ್ಳಬಹುದಿತ್ತು. ಶಾಸನ ಓದುವುದಕ್ಕೆ ಅಂಥ ಉಪಾಯ ತಕ್ಷಣ ಹೊಳೆಯಲಿಲ್ಲ.

ಕೆರೆ ಏರಿಯ ಮೇಲಿನ ಶಾಸನದ ಕಲ್ಲುಗಳು ನೂರಾರು ವರ್ಷ ಬಿಸಿಲು ಮಳೆಯಲ್ಲಿ ಸವೆದಿರುತ್ತವೆ. ಕಣ್ಣಿಗೆ ಕಾಣದ ಅಕ್ಷರವನ್ನು ಬೆರಳು ಓದುತ್ತದೆ. ನನಗೆ ಈ ಕೆಲಸ ಕಲಿಸಿದ ಹಿರಿಯರು ‘ಕಣ್ಣು ಮುಚ್ಚಿಕೊಂಡು ಮುಟ್ಟು’ ಎನ್ನುತ್ತಿದ್ದರು. ಅಕ್ಷರದ ತಲೆಕಟ್ಟು ಎಲ್ಲಿ ಏಳುತ್ತದೆ, ಒಳಗಿನ ಸುಳಿ ಎಲ್ಲಿ ತಿರುಗುತ್ತದೆ ಎಂದು ತೋರುಬೆರಳ ತುದಿಗೆ ಗೊತ್ತಾಗುತ್ತಿತ್ತು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕಡೂರು ಮತ್ತು ಚಿತ್ರದುರ್ಗ ಸಂಪುಟಗಳಲ್ಲಿ ಚುಕ್ಕಿ ಹಾಕಿ ಬಿಟ್ಟ ಜಾಗಗಳನ್ನು ಕಲ್ಲಿನ ಮುಂದೆ ಕೂತು ತುಂಬಲು ನೋಡುವುದು ನನ್ನ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕಾಯಿಲೆಯ ನಂತರ ಮೊದಲ ಸಲ ಕಲ್ಲು ಮುಟ್ಟಿದಾಗ ದಪ್ಪ ಬಟ್ಟೆಯ ಮೇಲಿಂದ ಮುಟ್ಟಿದ ಹಾಗಿತ್ತು. ಕಲ್ಲು ಇದೆ, ತಂಪಿದೆ ಎಂಬುದೂ ಸರಿಯಾಗಿ ತಿಳಿಯಲಿಲ್ಲ. ಕೂದಲು ಉದುರಿದಾಗ ಅಳದವಳು ಅಲ್ಲಿ ಅತ್ತೆ.

ದಾರಿ ಸಿಕ್ಕಿದ್ದು ಬೆಳಕಿನಿಂದ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ತಾಗಿದಂತೆ ಹಿಡಿದರೆ ಸವೆದ ಗೀರುಗಳೂ ನೆರಳು ಚೆಲ್ಲುತ್ತವೆ. ಟಾರ್ಚನ್ನು ಸುತ್ತಲೂ ತಿರುಗಿಸುತ್ತ ಒಂದೊಂದು ಕೋನದಿಂದ ಚಿತ್ರ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡುವುದು. ಶಾಸನ ತಜ್ಞರಿಗೆ ಇದು ಹಳೆಯ ವಿದ್ಯೆ. ಬೆರಳು ಇದ್ದಾಗ ನನಗೆ ಇದರ ಅಗತ್ಯ ಬಿದ್ದಿರಲಿಲ್ಲ. ಯಜಮಾನರು ಟಾರ್ಚ್ ಹಿಡಿಯುತ್ತಾರೆ, ನಾನು ಫೋನು. ಹಾವಿನ ಭಯಕ್ಕೆ ಊರಿನ ಹುಡುಗರು ಕೋಲು ಹಿಡಿದು ಜೊತೆಗೆ ನಿಲ್ಲುತ್ತಾರೆ, ಹಾಗೆ ನಿಂತವರು ತಮ್ಮೂರಿನ ಕಲ್ಲಿನಲ್ಲಿ ಏನಿದೆ ಎಂದು ಮೊದಲ ಸಲ ಕೇಳುತ್ತಾರೆ. ಇದು ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ. ಬೆರಳು ಪೂರ್ತಿ ಮರಳಿಲ್ಲ. ಬಲಗೈ ಹೆಬ್ಬೆರಳು, ತೋರುಬೆರಳಿಗೆ ಸ್ವಲ್ಪ ಸ್ಪರ್ಶ ಬಂದಿದೆ.

ಎರಡನೆಯದು ತಲೆ. ಒಂದು ಪುಟ ಓದಿ ಕೆಳಗೆ ಬರುವಷ್ಟರಲ್ಲಿ ಮೇಲಿನದು ಹೋಗಿರುತ್ತಿತ್ತು. ಕೀಮೋ ಪಡೆದವರಲ್ಲಿ ಇದು ಸಾಮಾನ್ಯ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ವರ್ಷಗಳೂ ಹಿಡಿಯಬಹುದು ಎಂದರು ಡಾಕ್ಟರು. ಕಥೆ ಬರೆಯುವವರಿಗೆ ಇದು ಹೇಗೋ ತಿಳಿಯದು. ನನ್ನಂಥವರಿಗೆ ಮಾತ್ರ ಇದು ನೇರ ಹೊಟ್ಟೆಪಾಡಿನ ಪ್ರಶ್ನೆ. ಯಾವ ಕೆರೆಯ ತೂಬು ಯಾವ ದಿಕ್ಕಿಗೆ, ಯಾರು ಹೇಳಿದ್ದು, ಯಾವ ದಾಖಲೆಯಲ್ಲಿ ಬೇರೆ ಥರ ಇದೆ, ಇಷ್ಟನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಂಡು ಒಂದು ಪ್ಯಾರಾ ಕಟ್ಟಬೇಕು. ಅದು ಆಗುತ್ತಿರಲಿಲ್ಲ.

ಹಾಗಾಗಿ ತಲೆಯ ಕೆಲಸವನ್ನು ಗೋಡೆಗೆ ಹಾಕಿದೆ. ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಬಿಚ್ಚಿ, ಒಂದು ಚೀಟಿಗೆ ಒಂದೇ ಸಂಗತಿ. ಅದರ ಕೆಳಗೆ ಹೇಳಿದವರು, ಊರು, ತಾರೀಖು. ಗೋಡೆಯ ಮೇಲೆ ನದಿಯ ದಿಕ್ಕಿನಲ್ಲೇ ಚೀಟಿಗಳು, ಮೇಲೆ ಅಯ್ಯನಕೆರೆ, ಕೆಳಗೆ ಹಗರಿ. ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ಬರವಣಿಗೆ, ಅದರಾಚೆ ಎಷ್ಟೇ ಉತ್ಸಾಹವಿದ್ದರೂ ಎದ್ದುಬಿಡುವುದು. ಈ ಕೊನೆಯದನ್ನು ಪಾಲಿಸುವುದೇ ಕಷ್ಟ. ಸ್ವಲ್ಪ ಚೆನ್ನಾಗಿದೆ ಅನ್ನಿಸಿದ ದಿನ ನಾಲ್ಕು ಗಂಟೆ ಕೂತರೆ ಮುಂದಿನ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಈ ದಣಿವು ಸೋಮಾರಿತನವಲ್ಲ ಎಂದು ಮನೆಯವರಿಗೆ ತಿಳಿಸಿ ಹೇಳಿ, ಅದಕ್ಕಿಂತ ಮುಖ್ಯವಾಗಿ ತಾವೂ ನಂಬಿ. ನನ್ನ ಯಜಮಾನರು ಸಂಜೆ ಶಾಲೆಯಿಂದ ಬಂದು ‘ಇವತ್ತು ಎಷ್ಟು ಪುಟ?’ ಎಂದು ಕೇಳುವುದನ್ನು ಬಿಟ್ಟು ‘ಇವತ್ತು ಎಷ್ಟು ಹೊತ್ತಿಗೆ ಎದ್ದೆ?’ ಎಂದು ಕೇಳಲು ಶುರುಮಾಡಿದ ಮೇಲೆ ನನಗೆ ಬಹಳ ಹಗುರವಾಯಿತು.

ಆಸ್ಪತ್ರೆ ನನ್ನ ಕೆಲಸಕ್ಕೆ ಕೊಟ್ಟದ್ದೂ ಒಂದಿದೆ. ಅಲ್ಲಿ ನಾನು ಮೊದಲ ಸಲ ಪ್ರಶ್ನೆ ಕೇಳಿಸಿಕೊಳ್ಳುವ ಕಡೆ ಕೂತಿದ್ದೆ. ಎಳೆಯ ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ಬಂದು ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಾನು ಹತ್ತು ನಿಮಿಷ ಹೇಳಿದ್ದು ಅವರ ಹಾಳೆಯಲ್ಲಿ ಒಂದು ಸಾಲಾಗುತ್ತಿತ್ತು. ಆ ಸಾಲಿನಲ್ಲಿ ಏನಿದೆ ಎಂದು ಯಾರೂ ನನಗೆ ಓದಿ ಹೇಳಲಿಲ್ಲ. ಅವರಿಗೆ ಪುರುಸೊತ್ತಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ನನಗೆ ಪುರುಸೊತ್ತಿದೆ. ಈಗ ಯಾರ ಮಾತು ಬರೆದುಕೊಂಡರೂ ಏಳುವ ಮುಂಚೆ ಅವರಿಗೇ ಓದಿ ಹೇಳುತ್ತೇನೆ. ಹಿರಿಯೂರು ಕಡೆಯ ಒಂದು ಕೆರೆಯ ನೀರುಗಂಟಿ ತಾತನಿಗೆ ಹೀಗೆ ಓದಿದೆ. ಮೊದಲ ಸಲ ಹೋದಾಗ ತೂಬು ಎತ್ತುವುದು, ಸರದಿಯ ಮೇಲೆ ಗದ್ದೆಗೆ ನೀರು ಬಿಡುವುದು, ಸುಗ್ಗಿಯಲ್ಲಿ ಮನೆಗಿಷ್ಟು ಎಂದು ಆಯದ ಕಾಳು ಪಡೆಯುವುದು ಎಲ್ಲ ಹೇಳಿದ್ದರು. ಈ ಸಲ ನನ್ನ ಬೋಳುತಲೆಯ ಮೇಲಿನ ಸೆರಗು ನೋಡಿ ‘ಯಾಕವ್ವಾ ಹಿಂಗ್ ಸೊರಗೋಗಿದೀಯ, ಬಾ, ಕೂತ್ಕ’ ಎಂದು ಜಗಲಿಯ ಮೇಲೆ ಕೂರಿಸಿಕೊಂಡು ಪೂರ್ತಿ ಕೇಳಿದರು. ಕೇಳಿದ ಮೇಲೆ ಸುಮ್ಮನೆ ಕೂತಿದ್ದು, ‘ಬರಗಾಲದಾಗೆ ಹೆಂಗ್ ಮಾಡ್ತಿದ್ವಿ ಅನ್ನೋದು ಬರೀಲಿಲ್ವಲ್ಲ’ ಎಂದರು. ನೀರು ಕಮ್ಮಿ ಇದ್ದ ವರ್ಷ ಊರವರೆಲ್ಲ ಕೂಡಿ ಕೆರೆಯ ಹತ್ತಿರದ ಒಂದಿಷ್ಟು ಗದ್ದೆಯನ್ನಷ್ಟೇ ಗುರುತು ಮಾಡಿ, ಅದರಲ್ಲಿ ಎಲ್ಲ ಮನೆಗೂ ಪಾಲು ಹಾಕಿ, ಅಷ್ಟಕ್ಕೇ ನೀರು ಬಿಡುತ್ತಿದ್ದ ಪದ್ಧತಿ. ಪುಸ್ತಕದ ಒಂದು ಅಧ್ಯಾಯ ಪೂರ್ತಿ ಈಗ ಅದರ ಮೇಲೆ ನಿಂತಿದೆ.

2022ರ ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ ಕೋಡಿ ಬಿತ್ತು, ಎಂಬತ್ತೊಂಬತ್ತು ವರ್ಷದ ನಂತರ. ಭದ್ರಾ ಮೇಲ್ದಂಡೆ ಯೋಜನೆಯಿಂದ ಬಂದ ನೀರೂ ಆ ವರ್ಷದ ಭಾರಿ ಮಳೆಯೂ ಕೂಡಿ 130 ಅಡಿ ಮುಟ್ಟಿತು. ಚಿತ್ರದುರ್ಗ ಜಿಲ್ಲೆಗೆ ಜಿಲ್ಲೆಯೇ ಅಲ್ಲಿಗೆ ಹೊರಟಿತ್ತು. ಟ್ರ್ಯಾಕ್ಟರು, ಆಟೋ, ಬೈಕು. ಜನಜಂಗುಳಿಗೆ ಹೋಗಬಾರದೆಂದು ನನಗೆ ಕಟ್ಟುನಿಟ್ಟು. ಬೆಳಕು ಹರಿಯುವ ಮುಂಚೆ ಮಾಸ್ಕ್ ಹಾಕಿಕೊಂಡು ಹೋಗಿ, ಜನ ಬರುವುದರೊಳಗೆ ಹೊರಡುವುದೆಂದು ಒಪ್ಪಂದವಾಯಿತು. ಕೋಡಿಯ ಹತ್ತಿರ ನಿಂತು ನಾನು ಮಾಡಿದ ಮೊದಲ ಕೆಲಸ ಫೋನಿನಲ್ಲಿ ನೀರಿನ ಸದ್ದು ಹಿಡಿದುಕೊಂಡದ್ದು. ಅಜ್ಜನ ಮಾತಿನಲ್ಲಿ ‘ಮಾತಾಡಿದ್ರೆ ಪಕ್ಕದೋನಿಗೆ ಕೇಳ್ತಿರ್ಲಿಲ್ಲ’ ಎಂದಿತ್ತು. ಹೌದು, ಕೇಳುತ್ತಿರಲಿಲ್ಲ. ಒಬ್ಬ ಸಾಕ್ಷಿ ಹೇಳಿದ ಮಾತನ್ನು ನಾನೇ ನಿಂತು ಪರೀಕ್ಷಿಸುವ ಅವಕಾಶ ಎಷ್ಟು ಜನ ಬರಹಗಾರರಿಗೆ ಸಿಗುತ್ತದೆ? ಬದುಕಿ ಉಳಿದದ್ದಕ್ಕೆ ಅವತ್ತು ನನಗಾದಷ್ಟು ಸಂತೋಷ ಸ್ಕ್ಯಾನ್ ವರದಿ ಬಂದ ದಿನವೂ ಆಗಿರಲಿಲ್ಲ.

ಆಮೇಲೆ ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ನಾನು ದಾಖಲೆಗಳಿಂದ ಶುರುಮಾಡಿ, ಎಲ್ಲ ಓದಿ ಮುಗಿದ ಮೇಲೆ ಪ್ರಶ್ನೆ ಸಿದ್ಧಮಾಡಿಕೊಂಡು ಜನರ ಹತ್ತಿರ ಹೋಗುತ್ತಿದ್ದೆ. ಈಗ ಜನ ಮೊದಲು. ವಯಸ್ಸಾದವರಿಂದ ಶುರು, ಪ್ರಶ್ನೆ ಅರೆಬರೆ ಇದ್ದರೂ ಸರಿ. ಕಡತಗಳ ಕೋಣೆಗೆ ಹೋಗುವುದನ್ನು ಹೇಗೂ ಮುಂದೂಡಬೇಕಿತ್ತು; ಹಳೆಯ ಕಾಗದದ ಧೂಳು, ಬೂಷ್ಟು ನನ್ನಂಥ ಮೈಗೆ ಆಗದು ಎಂದಿದ್ದರು. ನನಗೆ ಬೇಕಾದ ಪುಟಗಳನ್ನು ಗೆಳತಿಯೊಬ್ಬರು ಚಿತ್ರ ತೆಗೆದು ಕಳಿಸಿದರು.

ಈ ನಡುವೆ ಒಬ್ಬ ಪ್ರಕಾಶಕರು ಕೆರೆಯನ್ನು ಸದ್ಯಕ್ಕೆ ಬದಿಗಿಟ್ಟು ಕಾಯಿಲೆಯ ಪುಸ್ತಕ ಬರೆದುಕೊಡಿ ಎಂದರು. ಓದುವವರು ಹೆಚ್ಚು, ಬೇಗ ಮುಗಿಯುತ್ತದೆ. ಮಾತು ಸುಳ್ಳಲ್ಲ; ಕನ್ನಡದಲ್ಲಿ ಕೆರೆಯ ಪುಸ್ತಕ ಸಾವಿರ ಪ್ರತಿ ಹೋದರೆ ದೊಡ್ಡದು, ಕಾಯಿಲೆಯ ಕಾಲದಲ್ಲಿ ಕೈಬಿಟ್ಟುಹೋದ ಅಂಕಣದ ಆದಾಯವೂ ನನಗೆ ಮರಳಿ ಸಿಕ್ಕಿರಲಿಲ್ಲ. ಎರಡು ವಾರ ಯೋಚಿಸಿ ಬೇಡವೆಂದೆ. ಕಾಯಿಲೆಯ ಬಗ್ಗೆ ಬರೆಯುವುದು ಕಡಿಮೆಯ ಕೆಲಸವೆಂದು ನನ್ನ ಅಭಿಪ್ರಾಯವಲ್ಲ. ಬೇರೆಯವರು ಬರೆದದ್ದು ನನ್ನ ರಾತ್ರಿಗಳಲ್ಲಿ ನನಗೆ ಆಸರೆಯಾಗಿದೆ. ಆದರೆ ನನಗಿರುವ ದಿನದ ಒಂದೂವರೆ ಗಂಟೆಯನ್ನು ಯಾರಿಗೆ ಕೊಡಬೇಕೆಂದರೆ, ನನ್ನ ಬಗ್ಗೆ ನಾನು ನಾಳೆಯೂ ಹೇಳಬಹುದು, ನೀರುಗಂಟಿಗಳು ಹೇಳುವುದನ್ನು ಬರೆದುಕೊಳ್ಳುವವರು ನಮ್ಮ ಕಡೆ ಹೆಚ್ಚು ಜನ ಇಲ್ಲ. ದುಡ್ಡಿಗೆ ಸರಳ ಅನುವಾದದ ಕೆಲಸಗಳನ್ನು ಹಿಡಿದೆ.

ಇನ್ನೊಂದು ವಿಷಯ, ಇದನ್ನು ಕೇಳಿದವರೇ ಹೆಚ್ಚು. ತಪಾಸಣೆಯ ವಾರ ಕೆಲಸ ಮಾಡುವುದು ಹೇಗೆ? ಈ ಬಗೆಯ ಲಿಂಫೋಮಾ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ. ಆ ಎರಡು ವರ್ಷ ಪ್ರತಿ ತಪಾಸಣೆಗೂ ವಾರ ಮುಂಚಿನಿಂದ ಕೈ ಕುತ್ತಿಗೆಗೇ ಹೋಗುತ್ತಿತ್ತು. ಆ ವಾರ ಹೊಸದು ಬರೆಯಲು ಕೂರಬೇಡಿ. ನಾನು ಆ ವಾರಗಳಿಗೆಂದೇ ಬೇರೆ ಕೆಲಸ ಎತ್ತಿಟ್ಟಿರುತ್ತೇನೆ: ಅಡಿಟಿಪ್ಪಣಿ ಜೋಡಿಸುವುದು, ಊರುಗಳ ಹೆಸರಿನ ಪಟ್ಟಿ, ನಕ್ಷೆಗೆ ಗುರುತು ಹಾಕುವುದು. ಕೈಗೆ ಕೆಲಸ, ಮನಸ್ಸಿಗೆ ಹೊರೆಯಿಲ್ಲ. ಪುಸ್ತಕದ ಊರುಹೆಸರುಗಳ ಸೂಚಿ ಬಹುಪಾಲು ಆಸ್ಪತ್ರೆಯ ಹೊರರೋಗಿ ವಿಭಾಗದ ಕುರ್ಚಿಗಳ ಮೇಲೆ ತಯಾರಾದದ್ದು. ಈಗ ಆ ಎರಡು ವರ್ಷ ದಾಟಿದೆ, ತಪಾಸಣೆಗಳ ನಡುವಿನ ಅಂತರ ಹೆಚ್ಚಿದೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಇತಿಹಾಸದಲ್ಲಿ ಮೂರನೇ ಸಲ. ಈ ಸಲ ಹಗಲಿನಲ್ಲೇ ಹೋದೆ, ಜನರ ನಡುವೆ ನಿಂತೆ. ಬಾಗಿನ ಬಿಡಲು ಬಂದಿದ್ದ ಹೆಂಗಸರನ್ನು ಮಾತಾಡಿಸಿ ಟಿಪ್ಪಣಿ ಮಾಡಿಕೊಂಡೆ. ಅಕ್ಷರ ಸೊಟ್ಟಗಿದೆ, ಆದರೆ ಓದಲು ಬರುತ್ತದೆ. ಮಾರಿಕಣಿವೆಯ ಅಧ್ಯಾಯ ಮುಗಿದಿದೆ. ಮುಂದಿನದು ಅಯ್ಯನಕೆರೆಯ ಅಚ್ಚುಕಟ್ಟು, ಅಲ್ಲಿ ನಾಟಿ ಹಾಕಿದ ಹಿರಿಯ ಹೆಂಗಸರನ್ನು ಹುಡುಕುತ್ತಿದ್ದೇನೆ.

ಕಡೂರು, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರು ಕೆರೆಯ ನೀರಿನ ಸರದಿ, ತೂಬು, ಬರಗಾಲದ ಹಂಚಿಕೆ, ಅಥವಾ ತಮ್ಮ ತಂದೆತಾಯಿಯಿಂದ ಕೇಳಿದ 1933ರ ಕೋಡಿಯ ಬಗ್ಗೆ ಹೇಳುವುದಿದ್ದರೆ ಫೋನಿನಲ್ಲಿ ದಾಖಲಿಸಿಡಿ. ಶುರುವಿನಲ್ಲೇ ಅವರ ಹೆಸರು, ಊರು, ವಯಸ್ಸು, ಅವತ್ತಿನ ತಾರೀಖು ಅವರ ಬಾಯಲ್ಲೇ ಹೇಳಿಸಿ. ಪ್ರಶ್ನೆ ಚೆನ್ನಾಗಿ ಸಿದ್ಧವಾಗಲಿ ಎಂದು ಕಾಯಬೇಡಿ, ಈ ಭಾನುವಾರವೇ ಕೂರಿ.